ಶಾಸನಪಾಠದ ಸಂದೇಹಚಿಹ್ನೆಗಳು ಮತ್ತು ಗಣಕದ ಅಡಿಗೆರೆಗಳು

1

ಕಪಿಲೆಯ ದಡದ ನಂಜನಗೂಡು ಹಾಗೂ ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳ ಶಾಸನಗಳು ಎರಡು ಬಾರಿ ಸಂಪುಟರೂಪದಲ್ಲಿ ಅಚ್ಚಾಗಿವೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟವನ್ನು 1894ರಲ್ಲಿ ಹೊರತಂದಾಗ ಎರಡೂ ತಾಲ್ಲೂಕುಗಳು ಅದರಲ್ಲಿ ಸೇರಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಆ ಮಾಲೆಯನ್ನು ಪರಿಷ್ಕರಿಸಿ ಪ್ರಕಟಿಸಿದಾಗ ನಂಜನಗೂಡು 1974ರ ಮೂರನೆಯ ಸಂಪುಟದಲ್ಲಿಯೂ ತಿ. ನರಸೀಪುರ 1976ರ ಐದನೆಯ ಸಂಪುಟದಲ್ಲಿಯೂ ಸ್ಥಾನ ಪಡೆದವು. ಹೀಗೆ ಒಂದೇ ಕಲ್ಲಿಗೆ ಎಂಬತ್ತು ವರ್ಷಗಳ ಅಂತರದ ಎರಡು ಪಾಠಗಳು ನಮ್ಮ ಮುಂದಿವೆ. ಅವನ್ನು ಎದುರುಬದುರಾಗಿ ಇರಿಸಿ ಓದುವವನು ಅಕ್ಷರಗಳನ್ನಷ್ಟೇ ಅಲ್ಲದೆ ಅಕ್ಷರಗಳ ಸುತ್ತ ಸಂಪಾದಕರು ಇಟ್ಟಿರುವ ಚುಕ್ಕೆಗಳನ್ನೂ ಆವರಣಗಳನ್ನೂ ಪ್ರಶ್ನಾರ್ಥಕಗಳನ್ನೂ ಓದಬೇಕಾಗುತ್ತದೆ.

ಈಗ ಮೂರನೆಯದೊಂದು ಹಂತ ಬಂದಿದೆ. ಶಾಸನಪಾಠಗಳನ್ನು ಗಣಕದಲ್ಲಿ ಅಳವಡಿಸಿಕೊಂಡು ಶಬ್ದಸೂಚಿ, ಸ್ಥಳನಾಮಸೂಚಿ ಮೊದಲಾದುವನ್ನು ಸಿದ್ಧಪಡಿಸುವ ಕಾರ್ಯವನ್ನು ಅನೇಕ ತರುಣ ಸಂಶೋಧಕರು ಕೈಗೊಂಡಿದ್ದಾರೆ. ಅವರಲ್ಲಿ ಕೆಲವರು ಸಾಮಾನ್ಯ ಬರೆವಣಿಗೆಯ ತಂತ್ರಾಂಶಗಳನ್ನು ಬಿಟ್ಟು, ಬಳಸುವವನೇ ತನಗೆ ಬೇಕಾದಂತೆ ಕ್ರಮವಿಧಿಗಳನ್ನು ಬರೆದು ತಿದ್ದಿಕೊಳ್ಳಬಹುದಾದ ಎಡಿಟರನ್ನು ಆಶ್ರಯಿಸಿದ್ದಾರೆ. ಸಂದಿಗ್ಧವಾದ ಅಕ್ಷರಕ್ಕೆ ಅಡಿಗೆರೆ, ಊಹಿಸಿ ತುಂಬಿದ ಅಕ್ಷರಕ್ಕೆ ಅಲೆಗೆರೆ, ಕಂಡರಣೆಗಾರನ ತಪ್ಪಿಗೆ ಹೊಡೆದುಹಾಕುವ ಗೆರೆ ಎಂದು ತೆರೆಯ ಮೇಲೆ ಅಲಂಕರಣಗಳನ್ನು ಏರ್ಪಡಿಸಿಕೊಳ್ಳುವುದು ಅವರ ಪದ್ಧತಿ. ಈ ಪದ್ಧತಿಯ ಗುಣವೇನು, ದೋಷವೇನು ಎಂಬುದನ್ನು ಗ್ರಂಥಸಂಪಾದನೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯವು ತಾಂತ್ರಿಕವೆಂದು ತೋರಬಹುದು. ಆದರೆ ಇದರಲ್ಲಿ ಅಡಗಿರುವ ಪ್ರಶ್ನೆ ಹಳೆಯದೇ. ಸಂಪಾದಕನ ಸಂದೇಹವು ಓದುಗನಿಗೆ ತಲಪುವುದು ಹೇಗೆ?

2

ಈ ಭಾಗದ ಶಾಸನಗಳು ದೇವಾಲಯದ ಅಧಿಷ್ಠಾನಗಳಲ್ಲಿ, ಕೆರೆಯ ಏರಿಗಳಲ್ಲಿ, ಹೊಲದ ಬದುಗಳಲ್ಲಿ, ಊರಮುಂದಣ ಕಟ್ಟೆಗಳಲ್ಲಿ ದೊರೆಯುವಂಥವು. ಕೆಲವು ಕಲ್ಲುಗಳ ಮೇಲೆ ಸುಣ್ಣದ ಪದರಗಳು ಕೂತಿರುತ್ತವೆ. ಕೆಲವು ಬಿಸಿಲು ಮಳೆಗಳಿಗೆ ಸವೆದಿರುತ್ತವೆ. ಕೆಲವನ್ನು ಬಾಗಿಲ ಹೊಸ್ತಿಲಿಗೋ ತೂಬಿನ ಚಪ್ಪಡಿಗೋ ಬಳಸಿಕೊಂಡಿರುವುದುಂಟು. ಇಂತಹ ಕಲ್ಲಿನಿಂದ ಪಡಿಯಚ್ಚು ತೆಗೆದು ಓದುವವನಿಗೆ ದೊರೆಯುವ ಜ್ಞಾನ ಒಂದೇ ತೂಕದ್ದಲ್ಲ. ಸ್ಪಷ್ಟವಾಗಿ ಕಾಣುವ ಅಕ್ಷರ ಒಂದು ಬಗೆ. ಸವೆದಿದ್ದರೂ ಗೆರೆಗಳ ಜಾಡು ಉಳಿದಿರುವ ಅಕ್ಷರ ಇನ್ನೊಂದು ಬಗೆ. ಪೂರ್ತಿ ನಷ್ಟವಾಗಿ, ಜಾಗದ ಅಳತೆಯಿಂದ ಇಷ್ಟು ಅಕ್ಷರಗಳಿದ್ದವೆಂದು ಮಾತ್ರ ಹೇಳಬಹುದಾದದ್ದು ಮೂರನೆಯದು. ನಷ್ಟವಾದರೂ ಶಾಸನಶೈಲಿಯ ಪರಿಚಯದಿಂದ ಸಂಪಾದಕನು ತುಂಬಬಲ್ಲದ್ದು ನಾಲ್ಕನೆಯದು. ಕಂಡರಣೆಗಾರನು ತಪ್ಪಾಗಿ ಕೊರೆದದ್ದು, ಬಿಟ್ಟುಬಿಟ್ಟದ್ದು, ಎರಡು ಸಲ ಕೊರೆದದ್ದು, ಇವು ಬೇರೆಯವೇ.

ಈ ಭೇದಗಳನ್ನು ತೋರಿಸಲೆಂದೇ ಚಿಹ್ನೆಗಳು ಹುಟ್ಟಿದವು. ‘ಎಪಿಗ್ರಾಫಿಯ ಇಂಡಿಕ’ದ ಸಂಪ್ರದಾಯದಲ್ಲಿ ಹಾಳಾದ ಅಥವಾ ಸಂದಿಗ್ಧವಾದ ಅಕ್ಷರಕ್ಕೆ ಚೌಕಾವರಣ, ತಿದ್ದುಪಡಿಗೆ ದುಂಡಾವರಣ, ಸಂಪಾದಕನು ಹೊಸದಾಗಿ ಸೇರಿಸಿದ ಅಕ್ಷರಕ್ಕೆ ಚೌಕಾವರಣದೊಳಗೆ ನಕ್ಷತ್ರಚಿಹ್ನೆ ಬಳಕೆಯಲ್ಲಿವೆ. ನಷ್ಟವಾದ ಅಕ್ಷರಗಳಿಗೆ ಚುಕ್ಕೆಗಳ ಸಾಲು ನಮ್ಮ ಶಾಸನ ಸಂಪುಟಗಳ ಓದುಗರಿಗೆ ಚಿರಪರಿಚಿತ. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳ ಸಂಪಾದಕರು 1931ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಸೇರಿ ಒಮ್ಮತಕ್ಕೆ ಬಂದ ನಿಯಮಗಳಲ್ಲಿ ಸಂದಿಗ್ಧಾಕ್ಷರದ ಅಡಿಯಲ್ಲಿ ಚುಕ್ಕೆ, ನಷ್ಟವಾಗಿ ತುಂಬಿದುದಕ್ಕೆ ಚೌಕಾವರಣ, ಮೂಲದವನು ಬಿಟ್ಟದ್ದನ್ನು ಸೇರಿಸಿದುದಕ್ಕೆ ಕೋನಾವರಣ, ಹೆಚ್ಚಾದುದನ್ನು ತೆಗೆಯುವುದಕ್ಕೆ ಪುಷ್ಪಾವರಣ ಎಂದು ಗೊತ್ತುಮಾಡಿದರು. ಒಂದೇ ಚೌಕಾವರಣವು ಒಂದು ಪದ್ಧತಿಯಲ್ಲಿ ‘ಜಾಡು ಉಳಿದಿದೆ’ ಎಂದೂ ಇನ್ನೊಂದರಲ್ಲಿ ‘ಏನೂ ಉಳಿದಿಲ್ಲ, ನಾನು ತುಂಬಿದ್ದೇನೆ’ ಎಂದೂ ಅರ್ಥಕೊಡುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ಚಿಹ್ನೆಯ ಅರ್ಥವನ್ನು ಪಠ್ಯದ ಜೊತೆಯಲ್ಲಿಯೇ ಹೇಳದಿದ್ದರೆ ಚಿಹ್ನೆಯಿದ್ದೂ ಪ್ರಯೋಜನವಿಲ್ಲ.

ಲೈಡನ್ ನಿಯಮಗಳನ್ನು ಕನ್ನಡಕ್ಕೆ ಹಾಗೆಯೇ ತರುವುದೂ ಸುಲಭವಲ್ಲ. ಅವು ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ನಿಲ್ಲುವ ಲಿಪಿಗಳಿಗಾಗಿ ಹುಟ್ಟಿದವು. ನಮ್ಮಲ್ಲಿ ಅಕ್ಷರದ ಅಡಿಯ ಜಾಗ ಖಾಲಿಯಲ್ಲ. ಅದು ಒತ್ತಿನ ಮನೆ. ‘ದತ್ತಿ’, ‘ಕೊಟ್ಟ’, ‘ಗದ್ಯಾಣ’ ಎಂಬ ದಾನಶಾಸನದ ನಿತ್ಯಶಬ್ದಗಳನ್ನು ಬರೆದು ಅಡಿಯಲ್ಲಿ ಚುಕ್ಕೆಯಿಟ್ಟರೆ ಅದು ಒತ್ತಿಗೆ ತಾಗುತ್ತದೆ, ಇಲ್ಲವೆ ಕೆಳಗಿನ ಸಾಲಿನ ತಲೆಕಟ್ಟಿಗೆ ಸೇರಿದಂತೆ ಕಾಣುತ್ತದೆ. ಇದಕ್ಕಿಂತ ಆಳವಾದ ತೊಡಕೊಂದಿದೆ. ಶಾಸನಗಳಲ್ಲಿ ರೇಫದ ಮುಂದಣ ವ್ಯಂಜನ ದ್ವಿತ್ವವಾಗಿ ‘ಧರ್ಮ್ಮ’ ಎಂದಿರುವುದು ಸಾಮಾನ್ಯ. ‘ಧರ್ಮ’ವೋ ‘ಧರ್ಮ್ಮ’ವೋ ಎಂಬ ನಿರ್ಣಯ ಪೂರ್ತಿಯಾಗಿ ಒತ್ತಿನ ಮೇಲೆ ನಿಂತಿದೆ. ಒತ್ತು ಮಾತ್ರ ಸಂದಿಗ್ಧವಾಗಿ ಮೇಲಣ ಅಕ್ಷರ ಸ್ಪಷ್ಟವಾಗಿದ್ದರೆ, ಅಡ್ಡಗೆರೆಯಾಗಲಿ ಅಡಿಚುಕ್ಕೆಯಾಗಲಿ ಆ ಭೇದವನ್ನು ತೋರಿಸಲಾರದು. ಏಕೆಂದರೆ ಅವೆರಡೂ ಒಂದರ ಮೇಲೊಂದು ನಿಂತು ಒಂದೇ ಅಗಲವನ್ನು ಹಂಚಿಕೊಂಡಿವೆ.

3

ಇನ್ನು ಯಂತ್ರದ ವಿಚಾರ. ಇಲ್ಲಿ ನಿದರ್ಶನಕ್ಕೆ ತೆಗೆದುಕೊಂಡಿರುವುದು ಗ್ನೂ ಇಮ್ಯಾಕ್ಸ್ ಎಂಬ ಎಡಿಟರು. ರಿಚರ್ಡ್ ಸ್ಟಾಲ್ಮನ್ನರು 1985ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶ ಇಂದಿಗೂ ಬೆಳೆಯುತ್ತಿದೆ. ಅದರ ಬಹುಭಾಗವು ಲಿಸ್ಪ್ ಎಂಬ ಕ್ರಮವಿಧಿ ಭಾಷೆಯ ಒಂದು ಪ್ರಭೇದದಲ್ಲಿ ಬರೆಯಲ್ಪಟ್ಟಿದ್ದು, ಬಳಸುವವನು ಅದೇ ಭಾಷೆಯಲ್ಲಿ ಅದರ ನಡವಳಿಕೆಯನ್ನು ಮಾರ್ಪಡಿಸಬಹುದು. ಕನ್ನಡವನ್ನು ಬರೆಯಲು ಬೇಕಾದ ಕೀಲಿವಿನ್ಯಾಸಗಳು ಅದರಲ್ಲಿಯೇ ಇವೆ. 2020ರ 27ನೆಯ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಅದು ಬಳಸುವುದರಿಂದ ಕನ್ನಡದ ಒತ್ತುಗಳೂ ಗುಣಿತಗಳೂ ಸರಿಯಾಗಿ ಕೂಡಿಕೊಳ್ಳುತ್ತವೆ.

ಅಕ್ಷರವು ತೆರೆಯ ಮೇಲೆ ತೋರುವ ರೂಪವನ್ನು ಈ ತಂತ್ರಾಂಶದಲ್ಲಿ ‘ಫೇಸ್’, ಎಂದರೆ ಮುಖ, ಎಂದು ಕರೆಯುತ್ತಾರೆ. ಒಂದು ಮುಖಕ್ಕೆ ಬಣ್ಣ, ಹಿನ್ನೆಲೆ, ಅಡಿಗೆರೆ, ಮೇಲ್ಗೆರೆ, ಹೊಡೆಗೆರೆ, ಪೆಟ್ಟಿಗೆ ಇವನ್ನು ಬೇರೆಬೇರೆಯಾಗಿ ಗೊತ್ತುಮಾಡಬಹುದು. ಅಡಿಗೆರೆಯು ನೇರವೋ ಅಲೆಯೋ, ಅದರ ಬಣ್ಣ ಅಕ್ಷರದ ಬಣ್ಣವೇ ಅಥವಾ ಬೇರೆಯೇ ಎಂಬುದನ್ನೂ ಹೇಳಬಹುದು. ‘ಸಂದಿಗ್ಧ’, ‘ಪೂರಿತ’, ‘ಪ್ರಮಾದ’ ಎಂದು ನಮಗೆ ಬೇಕಾದ ಹೆಸರುಗಳನ್ನೇ ಮುಖಗಳಿಗೆ ಇಟ್ಟು, ಪ್ರತಿಯೊಂದಕ್ಕೂ ಅಲಂಕರಣವನ್ನು ಗೊತ್ತುಮಾಡಿಕೊಳ್ಳಲು ಅಡ್ಡಿಯಿಲ್ಲ. ಅಚ್ಚುಮೊಳೆಗಳ ಕಾಲದಲ್ಲಿ ಪ್ರತಿಯೊಂದು ಹೊಸ ಚಿಹ್ನೆಗೂ ಮುದ್ರಣಾಲಯದವರನ್ನು ಬೇಡಬೇಕಾಗಿದ್ದ ಸಂಪಾದಕನಿಗೆ ಇದೊಂದು ದೊಡ್ಡ ಸ್ವಾತಂತ್ರ್ಯವೆಂದು ಹೇಳಲಡ್ಡಿಯಿಲ್ಲ.

ಆದರೆ ಯಂತ್ರವು ಗೊತ್ತುಮಾಡಿಕೊಟ್ಟಿರುವ ಮೊದಲ ಏರ್ಪಾಟು ಕನ್ನಡಕ್ಕೆ ಒಗ್ಗುವುದಿಲ್ಲ. ಅಡಿಗೆರೆಯು ಅಕ್ಷರದ ಪೀಠರೇಖೆಯ ತುಸು ಕೆಳಗೆ ಬೀಳುತ್ತದೆ. ಲ್ಯಾಟಿನ್ ಲಿಪಿಗೆ ಅದು ಸಾಕು. ಕನ್ನಡದಲ್ಲಿ ಆ ಗೆರೆ ನೇರವಾಗಿ ಒತ್ತಿನ ಮೇಲೆ ಹಾಯ್ದುಹೋಗುತ್ತದೆ. ‘ದತ್ತಿ’ ಎಂಬ ಶಬ್ದದ ಅಡಿಗೆರೆಯನ್ನು ನೋಡಿದವನಿಗೆ ತಕಾರದ ಒತ್ತನ್ನು ಸಂಪಾದಕನು ಹೊಡೆದುಹಾಕಿದನೆಂಬ ಭ್ರಮೆಯುಂಟಾಗುತ್ತದೆ. ಸಂದೇಹದ ಚಿಹ್ನೆ ನಿರಾಕರಣೆಯ ಚಿಹ್ನೆಯಾಗಿಬಿಡುತ್ತದೆ. ಇದಕ್ಕೆ ಪರಿಹಾರ ಆ ತಂತ್ರಾಂಶದಲ್ಲಿಯೇ ಇದೆ. ‘ಎಕ್ಸ್-ಅಂಡರ್‌ಲೈನ್-ಎಟ್-ಡಿಸೆಂಟ್-ಲೈನ್’ ಎಂಬ ಹೆಸರಿನ ಆಯ್ಕೆಯನ್ನು ಜಾರಿಗೆ ತಂದರೆ ಗೆರೆಯು ಪೀಠರೇಖೆಯನ್ನು ಬಿಟ್ಟು ಅಕ್ಷರಗಳ ಇಳಿಭಾಗ ಮುಗಿಯುವ ಮಟ್ಟಕ್ಕೆ ಇಳಿಯುತ್ತದೆ. ‘ಅಂಡರ್‌ಲೈನ್-ಮಿನಿಮಮ್-ಆಫ್‌ಸೆಟ್’ ಎಂಬ ಇನ್ನೊಂದರಿಂದ ಪೀಠರೇಖೆಗೂ ಗೆರೆಗೂ ಇರಬೇಕಾದ ಕನಿಷ್ಠ ಅಂತರವನ್ನು ಹೆಚ್ಚಿಸಬಹುದು. ಸಾಲುಗಳ ನಡುವಣ ಜಾಗವನ್ನೂ ಕೊಂಚ ಹೆಚ್ಚಿಸಿಕೊಂಡರೆ ಅಡಿಗೆರೆ ಕೆಳಸಾಲನ್ನು ಮುಟ್ಟದೆ ನಿಲ್ಲುತ್ತದೆ. ಕನ್ನಡ ಶಾಸನಪಾಠವನ್ನು ಈ ಎಡಿಟರಿನಲ್ಲಿ ಸಿದ್ಧಪಡಿಸುವವರು ಮೊಟ್ಟಮೊದಲು ಮಾಡಿಕೊಳ್ಳಬೇಕಾದ ತಿದ್ದುಪಡಿ ಇದು.

ಹೊಡೆಗೆರೆಯ ವಿಷಯದಲ್ಲಿ ಇಂತಹ ಪರಿಹಾರವೂ ಇಲ್ಲ. ಅದು ಅಕ್ಷರದ ಹೊಟ್ಟೆಯ ಮೇಲೆ ಹಾಯುತ್ತದೆ. ಪಕಾರಕ್ಕೂ ಷಕಾರಕ್ಕೂ ಇರುವ ಭೇದವೇ ಹೊಟ್ಟೆಯೊಳಗಿನ ಒಂದು ಗೆರೆ. ಸಣ್ಣ ಅಕ್ಷರಗಳಲ್ಲಿ ಹೊಡೆದುಹಾಕಿದ ‘ಪ’ವನ್ನು ‘ಷ’ವೆಂದು ಓದುವ ಸಂಭವ ಇದ್ದೇ ಇದೆ. ಆದುದರಿಂದ ಕನ್ನಡದಲ್ಲಿ ಹೊಡೆಗೆರೆಯನ್ನು ಪೂರ್ತಿ ವರ್ಜಿಸಿ, ಅಕ್ಷರವನ್ನು ಮುಟ್ಟದೆ ಸುತ್ತುವ ಪೆಟ್ಟಿಗೆಯನ್ನೋ ತಿಳಿಯಾದ ಹಿನ್ನೆಲೆಯನ್ನೋ ಬಳಸುವುದು ಲೇಸು. ಬಣ್ಣವೊಂದನ್ನೇ ನೆಚ್ಚುವುದೂ ತರವಲ್ಲ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳುಂಟು. ಕಪ್ಪುಬಿಳುಪಿನ ಅಚ್ಚಿನಲ್ಲಿ ಎಲ್ಲ ಬಣ್ಣಗಳೂ ಬೂದಿಯೇ.

4

ಇಲ್ಲಿಯವರೆಗಿನದು ರೂಪದ ವಿಚಾರವಾಯಿತು. ಮುಖ್ಯವಾದ ಆಕ್ಷೇಪ ಇದಕ್ಕಿಂತ ಬೇರೆಯದು. ತೆರೆಯ ಮೇಲಿನ ಅಲಂಕರಣವು ಪಠ್ಯದ ಭಾಗವೇ ಅಥವಾ ನೋಟದ ಭಾಗವೇ ಎಂಬ ಪ್ರಶ್ನೆಯನ್ನು ನಮ್ಮ ತರುಣ ಸಂಶೋಧಕರು ಕೇಳಿಕೊಂಡಂತೆ ಕಾಣುವುದಿಲ್ಲ.

ಈ ಎಡಿಟರಿನಲ್ಲಿ ಒಂದು ಅಕ್ಷರಕ್ಕೆ ಮುಖವನ್ನು ತೊಡಿಸಲು ಮೂರು ದಾರಿಗಳಿವೆ. ಮೊದಲನೆಯದು, ಪಠ್ಯದ ಅಕ್ಷರಕ್ಕೆ ಅದನ್ನು ಗುಣವಾಗಿ ಅಂಟಿಸುವುದು. ಎರಡನೆಯದು, ಪಠ್ಯದ ಮೇಲೆ ಪಾರದರ್ಶಕವಾದ ಹಾಳೆಯಂತೆ ಒಂದು ಹೊದಿಕೆಯನ್ನು ಹಾಸಿ ಅದರ ಮೇಲೆ ಗೆರೆಯೆಳೆಯುವುದು. ಮೂರನೆಯದು, ಇಂತಿಂತಹ ಚಿಹ್ನೆ ಕಂಡಲ್ಲಿ ಇಂತಹ ಮುಖವನ್ನು ತೋರಿಸು ಎಂದು ನಿಯಮವನ್ನು ಬರೆದಿಡುವುದು. ತೆರೆಯ ಮೇಲೆ ಮೂರೂ ಒಂದೇ ರೀತಿ ಕಾಣುತ್ತವೆ. ಆದರೆ ಪಠ್ಯವನ್ನು ನಕಲಿಸಿ ಬೇರೆಡೆ ಇಟ್ಟಾಗ ಹೊದಿಕೆ ಅಲ್ಲಿಯೇ ಉಳಿಯುತ್ತದೆ, ಅಕ್ಷರ ಮಾತ್ರ ಹೋಗುತ್ತದೆ. ಸಾಮಾನ್ಯ ಕಡತವಾಗಿ ಉಳಿಸಿ ಮುಚ್ಚಿ ಮತ್ತೆ ತೆರೆದಾಗ ಅಂಟಿಸಿದ ಗುಣವೂ ಇರುವುದಿಲ್ಲ, ಹೊದಿಕೆಯೂ ಇರುವುದಿಲ್ಲ. ಗುಣಗಳನ್ನು ಗುರುತುಗಳಾಗಿ ಪರಿವರ್ತಿಸಿ ಉಳಿಸುವ ವಿಶೇಷ ವಿಧಾನವೊಂದು ಅದರಲ್ಲಿಯೇ ಇದ್ದರೂ ಆ ಗುರುತುಗಳನ್ನು ಬೇರೆ ತಂತ್ರಾಂಶಗಳು ಸಾಮಾನ್ಯವಾಗಿ ಅರಿಯವು. ಮೂರನೆಯ ದಾರಿಯಲ್ಲಿ ಮಾತ್ರ ಅಲಂಕರಣವು ಕಡತದೊಳಗೆ ಇರುವ ಚಿಹ್ನೆಯಿಂದ ಪ್ರತಿಬಾರಿಯೂ ಹೊಸದಾಗಿ ಹುಟ್ಟುತ್ತದೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ನಿದರ್ಶನದಿಂದ ವಿವರಿಸಬಹುದು. ಒಂದು ದಾನಶಾಸನದಲ್ಲಿ ಸಾಲಿನ ಮೊದಲ ಅಕ್ಷರ ಒಡೆದುಹೋಗಿ, ಬಳಿಕ ‘ಸದಿಗೆ’ ಎಂದು ಸ್ಪಷ್ಟವಾಗಿದೆ ಎಂದಿಟ್ಟುಕೊಳ್ಳೋಣ. ಸಂಪಾದಕನು ಸಂದರ್ಭವನ್ನು ನೋಡಿ ಬಕಾರವನ್ನು ತುಂಬುತ್ತಾನೆ. ಅಚ್ಚಿನಲ್ಲಿ ಅದು ‘[ಬ]ಸದಿಗೆ’ ಎಂದು ಬರುತ್ತದೆ; ಓದುಗನು ಆವರಣವನ್ನು ಕಂಡು ಎಚ್ಚರ ವಹಿಸುತ್ತಾನೆ. ಅದನ್ನೇ ಗಣಕದಲ್ಲಿ ‘ಬಸದಿಗೆ’ ಎಂದು ಬರೆದು ಬಕಾರಕ್ಕೆ ಅಲೆಗೆರೆಯ ಹೊದಿಕೆ ಹಾಕಿದರೆ ಆ ತೆರೆಯ ಮೇಲೆ ಸಂದೇಹ ಕಾಣುತ್ತದೆ. ಕಡತವು ಇನ್ನೊಬ್ಬರ ಕೈಗೆ ಹೋದಾಗ ‘ಬಸದಿಗೆ’ ಎಂಬ ನಿಸ್ಸಂದೇಹವಾದ ಶಬ್ದ ಮಾತ್ರ ಉಳಿಯುತ್ತದೆ. ಅಲ್ಲಿಂದ ಅದು ಶಬ್ದಸೂಚಿಗೆ ಹೋಗುತ್ತದೆ. ಸೂಚಿಯಿಂದ ತಾಲ್ಲೂಕಿನ ಬಸದಿಗಳ ಪಟ್ಟಿಗೆ ಹೋಗುತ್ತದೆ. ಪಟ್ಟಿಯಿಂದ ಇತಿಹಾಸ ಗ್ರಂಥಕ್ಕೆ ಹೋಗುತ್ತದೆ. ಒಂದು ಗೆರೆ ಬಿದ್ದುಹೋದರೆ ಇಲ್ಲದಿದ್ದಿರಬಹುದಾದ ಒಂದು ಬಸದಿ ಹುಟ್ಟಿಕೊಳ್ಳುತ್ತದೆ.

ಈ ಭಾಗದಲ್ಲಿ ಇಂತಹ ಎಚ್ಚರ ವಿಶೇಷವಾಗಿ ಬೇಕು. ತಲಕಾಡು ಜೈನಧರ್ಮಕ್ಕೆ ಆಶ್ರಯವಿತ್ತ ಗಂಗರ ರಾಜಧಾನಿ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿದ್ದ ಅದನ್ನು ಸುಮಾರು 1116ರಲ್ಲಿ ವಿಷ್ಣುವರ್ಧನನ ಪರವಾಗಿ ಗೆದ್ದ ಗಂಗರಾಜನು ಪರಮಜೈನನಾದ ದಂಡನಾಯಕ. ಇಂತಹ ಚರಿತ್ರೆಯುಳ್ಳ ನೆಲದಲ್ಲಿ ಒಡೆದ ಅಕ್ಷರವನ್ನು ‘ಬಸದಿ’ ಎಂದು ತುಂಬುವ ಅಭಿಲಾಷೆ ಜೈನ ಸಂಶೋಧಕನಿಗೆ ಸಹಜವಾಗಿಯೇ ಉಂಟಾಗುತ್ತದೆ. ಅಭಿಲಾಷೆ ತಪ್ಪಲ್ಲ, ಅನೇಕ ವೇಳೆ ಅದೇ ನಿಜವಾದ ಪಾಠವನ್ನು ಹುಡುಕಿಕೊಡುತ್ತದೆ. ಆದರೆ ತನ್ನ ಅಭಿಲಾಷೆಯ ಗುರುತನ್ನು ಪಠ್ಯದಲ್ಲಿ ಉಳಿಸುವುದು ಸಂಪಾದಕನ ಧರ್ಮ. ಆ ಗುರುತು ಅಳಿದ ದಿನ ನಮ್ಮ ಖಚಿತವಾದ ಆಧಾರಗಳೂ ಸಂಶಯಕ್ಕೆ ಗುರಿಯಾಗುತ್ತವೆ. ಊಹೆಯನ್ನೂ ಸಾಕ್ಷ್ಯವನ್ನೂ ಬೇರ್ಪಡಿಸಲಾರದವನ ಸಾಕ್ಷ್ಯವನ್ನು ಯಾರೂ ನಂಬುವುದಿಲ್ಲ.

5

ಇದು ಕೇವಲ ಊಹಾಪೋಹವಲ್ಲ. ಈ ಲೇಖಕನು ಈ ಎರಡು ತಾಲ್ಲೂಕುಗಳ ದಾನಶಾಸನಗಳ ಶಬ್ದಸೂಚಿಯೊಂದನ್ನು ತನ್ನ ಉಪಯೋಗಕ್ಕಾಗಿ ಸಿದ್ಧಪಡಿಸುತ್ತಿದ್ದಾಗ, ಆವರಣಗಳು ಓದಿಗೆ ಅಡ್ಡಿಯಾಗುತ್ತವೆಂದು ತೆಗೆದುಹಾಕಿ, ಅವುಗಳ ಸ್ಥಾನದಲ್ಲಿ ಅಡಿಗೆರೆ ಅಲೆಗೆರೆಗಳನ್ನು ಏರ್ಪಡಿಸಿಕೊಂಡಿದ್ದನು. ಪುಟ ಬಹಳ ಸುಂದರವಾಗಿ ಕಾಣುತ್ತಿತ್ತು. ತಿಂಗಳುಗಳ ಬಳಿಕ ಸೂಚಿಯನ್ನು ಅಕಾರಾದಿಯಾಗಿ ವಿಂಗಡಿಸಿ ಅಚ್ಚುಹಾಕಿ ನೋಡಿದಾಗ ಸಂಪಾದಕರು ತುಂಬಿದ ಶಬ್ದಗಳೂ ಕಲ್ಲಿನ ಮೇಲೆ ಸ್ಪಷ್ಟವಾಗಿದ್ದ ಶಬ್ದಗಳೂ ಒಂದೇ ಸಾಲಿನಲ್ಲಿ, ಒಂದೇ ಮುಖದಿಂದ ನಿಂತಿದ್ದವು. ಅಚ್ಚಾದ ಸಂಪುಟಗಳನ್ನು ಮತ್ತೆ ತೆರೆದು ಪ್ರತಿಯೊಂದು ಶಬ್ದವನ್ನೂ ಮೊದಲಿನಿಂದ ಹೋಲಿಸಬೇಕಾಯಿತು. ದೋಷ ಯಂತ್ರದ್ದಲ್ಲ, ಅದು ತನಗೆ ಹೇಳಿದುದನ್ನು ಮಾಡಿತ್ತು. ಸಂದೇಹವನ್ನು ಪಠ್ಯದಿಂದ ತೆಗೆದು ನೋಟಕ್ಕೆ ಒಪ್ಪಿಸಿದವನೇ ತಪ್ಪಿತಸ್ಥ.

ಇದಕ್ಕೆ ವಿರುದ್ಧವಾದ ಸಂಪಾದಕಶಿಸ್ತಿನ ನಿದರ್ಶನ ನಮ್ಮ ಆಗಮಗ್ರಂಥದ ಪ್ರಕಟನೆಯಲ್ಲಿಯೇ ಇದೆ. ಷಟ್ಖಂಡಾಗಮದ ಧವಲಾಟೀಕೆಯ ಮೊದಲ ಸಂಪುಟ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಹೊರಬಂದಿತು. ಮೂಡಬಿದಿರೆಯ ಹಳಗನ್ನಡ ಲಿಪಿಯ ತಾಳೆಯೋಲೆಗಳು ಅದರ ಮೂಲವಾದರೂ ಸಂಪಾದಕರಿಗೆ ಆಗ ದೊರೆತಿದ್ದುದು ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಅರ್ಥದೃಷ್ಟಿಯಿಂದ ಇರಬೇಕೆಂದು ಸಂಪಾದಕರಿಗೆ ತೋರಿತು. ಅವರು ಅದನ್ನು ಮೂಲದೊಳಕ್ಕೆ ನುಗ್ಗಿಸಲಿಲ್ಲ. ಇಲ್ಲಿ ಈ ಪದ ಬಿಟ್ಟುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಗುಣಸ್ಥಾನಗಳ ಪ್ರಶ್ನೆಗೆ ಸಂಬಂಧಿಸಿದ ಪದವಾದುದರಿಂದ ಅದರ ಮೇಲೆ ತೀವ್ರವಾದ ಚರ್ಚೆ ನಡೆಯಿತು. ಮುಂದೆ ಮೂಡಬಿದಿರೆಯ ಓಲೆಗಳೊಡನೆ ಹೋಲಿಸಿದಾಗ ಆ ಪದ ಅಲ್ಲಿ ದೊರೆಯಿತು. ಊಹೆಯು ಸರಿಯಾಗಿತ್ತೆಂಬುದಕ್ಕಿಂತ ಊಹೆಯು ಊಹೆಯಾಗಿಯೇ ಉಳಿದಿತ್ತೆಂಬುದು ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ಹಾಗೆ ಉಳಿದಿದ್ದರಿಂದಲೇ ಅದನ್ನು ಪರೀಕ್ಷಿಸಲು ಸಾಧ್ಯವಾಯಿತು.

ಓಲೆಗರಿಯ ಲಿಪಿಕಾರರೂ ಈ ಮರ್ಮವನ್ನು ಬಲ್ಲವರಾಗಿದ್ದರು. ಬಿಟ್ಟುಹೋದ ಅಕ್ಷರವಿದ್ದಲ್ಲಿ ಅವರು ಹಂಸಪಾದವನ್ನಿಟ್ಟು ಅಂಚಿನಲ್ಲಿ ಅಕ್ಷರವನ್ನು ಬರೆಯುತ್ತಿದ್ದರು. ಪಾಠವನ್ನು ಕೊರೆದ ಕಂಠದಿಂದಲೇ ತಿದ್ದುಪಡಿಯನ್ನೂ ಅದೇ ಗರಿಯ ಮೇಲೆ ಕೊರೆದರು. ಗರಿ ಉಳಿದಷ್ಟು ಕಾಲ ತಿದ್ದುಪಡಿಯ ಗುರುತೂ ಉಳಿಯಿತು. ಅವರು ಅದನ್ನು ಗರಿಯ ಮೇಲೆ ಹಾಸಿದ ಇನ್ನೊಂದು ಹಾಳೆಯಲ್ಲಿ ಬರೆದಿದ್ದರೆ ಇಂದು ನಮಗೆ ಏನು ದೊರೆಯುತ್ತಿತ್ತು?

6

ಹಾಗಾದರೆ ಅಲಂಕರಣಗಳನ್ನು ತ್ಯಜಿಸಬೇಕೆ? ಅಗತ್ಯವಿಲ್ಲ. ಕ್ರಮವನ್ನು ತಿರುಗಿಸಿದರೆ ಸಾಕು. ಚಿಹ್ನೆ ಪಠ್ಯದಲ್ಲಿರಲಿ, ಅಲಂಕರಣ ಚಿಹ್ನೆಯಿಂದ ಹುಟ್ಟಲಿ. ಕಡತದೊಳಗೆ ‘[ಬ]ಸದಿಗೆ’ ಎಂದೇ ಬರೆದು, ಚೌಕಾವರಣದೊಳಗಿನದಕ್ಕೆ ಅಲೆಗೆರೆಯನ್ನು ತೋರಿಸುವಂತೆಯೂ ಆವರಣವನ್ನು ಮಸುಕಾಗಿಸುವಂತೆಯೂ ಎಡಿಟರಿಗೆ ನಿಯಮವನ್ನು ಕೊಡಬಹುದು. ಓದುವಾಗ ಅಡ್ಡಿಯೆನಿಸಿದರೆ ಆವರಣವನ್ನು ತಾತ್ಕಾಲಿಕವಾಗಿ ಮರೆಮಾಡಲೂಬಹುದು. ಮರೆಯಾಗಿದ್ದರೂ ಅದು ಪಠ್ಯದ ಅಕ್ಷರವೇ ಆದುದರಿಂದ ಈ ಎಡಿಟರಿನಲ್ಲಿ ನಕಲಿಸಿದಾಗ ಜೊತೆಗೇ ಹೋಗುತ್ತದೆ. ಒಂದು ಕೀಲಿಯನ್ನೊತ್ತಿ ಶುದ್ಧಪಾಠ, ಚಿಹ್ನೆಸಹಿತ ಪಾಠ, ಅಲಂಕೃತ ಪಾಠ ಎಂದು ಮೂರು ನೋಟಗಳನ್ನು ಬದಲಾಯಿಸಿಕೊಳ್ಳುವ ಏರ್ಪಾಟನ್ನು ಕೆಲವೇ ಸಾಲುಗಳ ಕ್ರಮವಿಧಿಯಿಂದ ಮಾಡಿಕೊಳ್ಳಬಹುದು. ಪಶ್ಚಿಮದ ಶಾಸನತಜ್ಞರು ‘ಎಪಿಡಾಕ್’ ಎಂಬ ಪದ್ಧತಿಯಲ್ಲಿ ಮಾಡಿರುವುದೂ ತತ್ತ್ವತಃ ಇದನ್ನೇ. ಸಂದಿಗ್ಧ, ಪೂರಿತ, ನಷ್ಟ ಎಂಬುವನ್ನು ಹೆಸರುಳ್ಳ ಗುರುತುಗಳಾಗಿ ಪಠ್ಯದೊಳಗೆ ಬರೆದು, ಅವು ಹೇಗೆ ಕಾಣಬೇಕೆಂಬುದನ್ನು ಬೇರೆಯಾಗಿ ನಿರ್ಣಯಿಸುತ್ತಾರೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ‘ಬಸದಿ’ ಎಂದು ಹುಡುಕಿದರೆ ‘[ಬ]ಸದಿ’ ಸಿಗುವುದಿಲ್ಲವಲ್ಲ ಎಂಬುದು ಮೊದಲನೆಯದು. ನ್ಯಾಯವಾದ ಆಕ್ಷೇಪವೇ, ಆವರಣಗಳನ್ನು ಕಿತ್ತೊಗೆಯಲು ಈ ಲೇಖಕನಿಗೂ ಇದೇ ನೆಪವಾಗಿತ್ತು. ಆದರೆ ಹುಡುಕುವ ಕ್ರಮವನ್ನು ಬದಲಾಯಿಸಲು ಬರುವ ಯಂತ್ರದಲ್ಲಿ ಪಠ್ಯವನ್ನು ಬದಲಾಯಿಸುವುದೇಕೆ? ಅಕ್ಷರಗಳ ನಡುವೆ ಆವರಣವಿದ್ದರೂ ಇಲ್ಲದಿದ್ದರೂ ಶಬ್ದವನ್ನು ಗುರುತಿಸುವ ಹುಡುಕಾಟವನ್ನು ಬರೆದುಕೊಳ್ಳಬಹುದು. ದೊರೆತ ಪ್ರಯೋಗಗಳು ಆವರಣಸಹಿತವಾಗಿಯೇ ಪಟ್ಟಿಯಾಗುವುದರಿಂದ ಯಾವುದು ಕಲ್ಲಿನದು, ಯಾವುದು ಸಂಪಾದಕನದು ಎಂಬುದು ಸೂಚಿಯಲ್ಲಿಯೂ ಉಳಿಯುತ್ತದೆ.

ಎರಡನೆಯ ಆಕ್ಷೇಪ ಕನ್ನಡಕ್ಕೇ ವಿಶಿಷ್ಟವಾದುದು. ಗುಣಿತಚಿಹ್ನೆ ಅಥವಾ ಒತ್ತು ಮಾತ್ರ ಸಂದಿಗ್ಧವಾದಾಗ ಅದನ್ನಷ್ಟೇ ಆವರಣದೊಳಗೆ ಇರಿಸಿದರೆ ಅಕ್ಷರಜೋಡಣೆ ಮುರಿದು, ಆಶ್ರಯವಿಲ್ಲದ ಗುಣಿತ ಚುಕ್ಕೆಗಳ ವೃತ್ತವೊಂದನ್ನು ಹೊತ್ತು ನಿಲ್ಲುತ್ತದೆ. ಆದುದರಿಂದ ಕನ್ನಡದಲ್ಲಿ ಸಂದೇಹದ ಅತಿಚಿಕ್ಕ ಘಟಕ ಪೂರ್ಣಾಕ್ಷರವೇ ಆಗಿರಬೇಕು. ಅಕ್ಷರವನ್ನು ಇಡಿಯಾಗಿ ಆವರಣದಲ್ಲಿಟ್ಟು, ಸಂದೇಹ ಒತ್ತಿಗೆ ಮಾತ್ರ ಸಂಬಂಧಿಸಿದ್ದೆಂಬುದನ್ನು ಆ ಸಾಲಿಗೆ ಸೇರಿದ ಟಿಪ್ಪಣಿಯಲ್ಲಿ ಮಾತಿನಿಂದ ಹೇಳುವುದು ಉಚಿತ. ಚಿಹ್ನೆಗೆ ಎಟುಕದುದನ್ನು ವಾಕ್ಯಕ್ಕೆ ಬಿಡುವುದರಲ್ಲಿ ಅವಮಾನವೇನೂ ಇಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿ ಬೆಳೆದವರಿಗೆ ಟಿಪ್ಪಣಿಯ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಇದರ ಜೊತೆಗೆ ಮೂರು ನಿಯಮಗಳನ್ನು ಸೂಚಿಸಲು ಬಯಸುತ್ತೇನೆ. ಮೊದಲನೆಯದಾಗಿ, ಪ್ರತಿಯೊಂದು ಕಡತದ ಆರಂಭದಲ್ಲಿ ಅಲ್ಲಿ ಬಳಸಿರುವ ಚಿಹ್ನೆಗಳ ಕೋಷ್ಟಕವಿರಬೇಕು. ಚೌಕಾವರಣವನ್ನು ‘ಎಪಿಗ್ರಾಫಿಯ ಇಂಡಿಕ’ದ ಅರ್ಥದಲ್ಲಿ ಬಳಸಿದೆಯೇ ಲೈಡನ್ ಅರ್ಥದಲ್ಲಿ ಬಳಸಿದೆಯೇ ಎಂಬುದು ಅಲ್ಲಿ ಸ್ಪಷ್ಟವಾಗಬೇಕು. ಎರಡನೆಯದಾಗಿ, ಪಾಠವನ್ನು ಎಲ್ಲಿಂದ ತೆಗೆದುಕೊಂಡಿತು, ಕಲ್ಲಿನಿಂದಲೋ, ಪಡಿಯಚ್ಚಿನಿಂದಲೋ, 1894ರ ಸಂಪುಟದಿಂದಲೋ, ಪರಿಷ್ಕೃತ ಸಂಪುಟದಿಂದಲೋ ಎಂಬುದನ್ನು ಪ್ರತಿಯೊಂದು ಶಾಸನದ ತಲೆಯಲ್ಲಿ ನಮೂದಿಸಬೇಕು. ಎರಡು ಸಂಪುಟಗಳ ಪಾಠ ಬೇರೆಯಾದಲ್ಲಿ ಎರಡನ್ನೂ ಕೊಡಬೇಕು. ಮೂರನೆಯದಾಗಿ, ಕಡತವನ್ನು ಇನ್ನೊಬ್ಬರಿಗೆ ಕೊಡುವ ಮುನ್ನ ಯಾವ ಅಲಂಕರಣವನ್ನೂ ಅರಿಯದ ಅತಿ ಸರಳವಾದ ತಂತ್ರಾಂಶವೊಂದರಲ್ಲಿ ತೆರೆದು ಓದಬೇಕು. ಅಲ್ಲಿಯೂ ಸಂದೇಹವು ಸಂದೇಹವಾಗಿಯೇ ಕಂಡರೆ ಪಠ್ಯ ಸಿದ್ಧವಾಯಿತೆಂದು ತಿಳಿಯಬಹುದು.

7

ಅಲಂಕರಣವು ಓದುವವನ ಕಣ್ಣಿಗೆ ಮಾಡುವ ಉಪಕಾರ. ಚಿಹ್ನೆಯು ಮುಂದೆ ಬರುವ ಓದುಗನಿಗೆ ಸಂಪಾದಕನು ಬರೆದಿಡುವ ಒಪ್ಪಿಗೆಯ ಪತ್ರ. ‘ಇಷ್ಟನ್ನು ಕಂಡೆ, ಇಷ್ಟನ್ನು ಊಹಿಸಿದೆ’ ಎಂಬುದು ಅದರ ಒಕ್ಕಣೆ. ಮೊದಲನೆಯದನ್ನು ಪ್ರತಿಯೊಬ್ಬನೂ ತನ್ನ ರುಚಿಗೆ ತಕ್ಕಂತೆ ಬದಲಾಯಿಸಿಕೊಳ್ಳಲಿ. ಅದಕ್ಕೆಂದೇ ಇಂತಹ ಎಡಿಟರುಗಳಿವೆ, ಮತ್ತು ಕನ್ನಡದ ಒತ್ತಿಗೆ ತಕ್ಕಂತೆ ಅಡಿಗೆರೆಯನ್ನು ಇಳಿಸಿಕೊಳ್ಳುವಷ್ಟು ಸೌಲಭ್ಯವನ್ನು ಅವು ಕೊಟ್ಟಿರುವುದು ಸ್ತುತ್ಯರ್ಹ. ಎರಡನೆಯದನ್ನು ಬದಲಾಯಿಸುವ ಅಧಿಕಾರ ಕಲ್ಲನ್ನೋ ಪಡಿಯಚ್ಚನ್ನೋ ಮತ್ತೆ ನೋಡಿದವನಿಗೆ ಮಾತ್ರ ಉಂಟು.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಕಲ್ಲುಗಳು ಇನ್ನೂ ಸವೆಯುತ್ತಲೇ ಇವೆ. ಕೆಲವು ಅಕ್ಷರಗಳಿಗೆ ಮುಂದೆ ಅಚ್ಚಾದ ಪಾಠವೊಂದೇ ಸಾಕ್ಷಿಯಾಗಿ ಉಳಿಯಬಹುದು. ಆ ಪಾಠವನ್ನು ಗಣಕಕ್ಕೆ ಇಳಿಸುವವರು ಅದರ ಅಕ್ಷರಗಳನ್ನು ಮಾತ್ರ ಇಳಿಸಿ ಆವರಣಗಳನ್ನು ಕೈಬಿಟ್ಟರೆ, ಹಿಂದಿನ ಸಂಪಾದಕರು ಪ್ರಾಮಾಣಿಕವಾಗಿ ಬರೆದಿಟ್ಟ ‘ತಿಳಿಯದು’ ಎಂಬ ಮಾತನ್ನು ಅಳಿಸಿದಂತಾಗುತ್ತದೆ. ಈಗಾಗಲೇ ಇಂತಹ ಕಡತಗಳನ್ನು ಸಿದ್ಧಪಡಿಸಿರುವವರು ಅವನ್ನು ಅಚ್ಚಾದ ಸಂಪುಟಗಳೊಡನೆ ಮತ್ತೊಮ್ಮೆ ಹೋಲಿಸಿ, ಬಿದ್ದುಹೋದ ಆವರಣಗಳನ್ನು ಹಿಂದಿರುಗಿಸಬೇಕೆಂದು ವಿನಂತಿ. ಕೆಲಸ ಬೇಸರದ್ದು, ಆದರೆ ಸಂಪುಟಗಳು ಕೈಗೆ ಸಿಗುವಷ್ಟು ಕಾಲ ಅಸಾಧ್ಯವಾದುದಲ್ಲ.